ಕೆಂಪು ಗುಂಡಿಯ ರೇಡಿಯೊ

ಲಿಫ್ಟ್ ರಿಪೇರಿ ಮಾಡುವವನಿಗೆ ವಿಮಾನದ ಹುಚ್ಚು ಹತ್ತಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಅವನ ಹೆಂಡತಿಯ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು. "ಮೂವತ್ತೊಂದು ವರ್ಷ ಬರೀ ಮೇಲೆ, ಕೆಳಗೆ, ಮೇಲೆ, ಕೆಳಗೆ. ಒಂದ್ಸಲ ಅಡ್ಡಡ್ಡ ಹೋಗ್ಬೇಕು ಅನ್ಸಿರುತ್ತೆ, ಪಾಪ!"

ಊರಾಚೆಯ ಸಣ್ಣ ವಿಮಾನ ಮೈದಾನದಲ್ಲಿ ಅವನನ್ನು ಎಲ್ಲರೂ ಲಿಫ್ಟಣ್ಣ ಎನ್ನುತ್ತಿದ್ದರು. ವಯಸ್ಸು ಐವತ್ತೇಳು, ಜೇಬಿನಲ್ಲಿ ಸದಾ ಎರಡು ಸ್ಕ್ರೂಡ್ರೈವರ್, ಕಿವಿಯ ಮೇಲೆ ಒಂದು ಪೆನ್ಸಿಲ್. ಆ ಪೆನ್ಸಿಲ್ ಬರೆಯುವುದಕ್ಕಲ್ಲ, ಅದರ ಹಿಂದಿನ ರಬ್ಬರಿಗಾಗಿ. ಸತ್ತುಹೋಯಿತು ಎಂದು ಮಾಲೀಕರು ಕೈಬಿಟ್ಟ ಎಷ್ಟೋ ಉಪಕರಣಗಳ ಹಿತ್ತಾಳೆಯ ಹಲ್ಲುಗಳನ್ನು ಆ ರಬ್ಬರಿನಿಂದ ನಾಲ್ಕು ಸಲ ಉಜ್ಜಿ ಅವನು ಬದುಕಿಸಿದ್ದ. ಆಮೇಲೆ ಮಾಲೀಕರು ಕೈಮುಗಿಯಲು ಬಂದರೆ "ಧೂಳಿತ್ತು ಅಷ್ಟೇ" ಎಂದು ಮುಖ ತಿರುಗಿಸಿಕೊಂಡು ಹೋಗಿಬಿಡುತ್ತಿದ್ದ. ಕೊಡುವುದೆಂದರೆ ಅವನಿಗೆ ಉಸಿರಾಡಿದಷ್ಟು ಸುಲಭ. ಕೇಳುವುದೆಂದರೆ ಮಾತ್ರ ಬಾಯಿಗೆ ಬೀಗ. ಬಸ್ಸಿನಲ್ಲಿ ಸ್ವಲ್ಪ ಸರಿಯಿರಿ ಎನ್ನುವುದಕ್ಕೂ ನಾಚಿಕೊಂಡು ಕೊನೆಯ ಸ್ಟಾಪಿನವರೆಗೆ ಒಂಟಿಕಾಲಿನಲ್ಲಿ ನಿಂತವನು ಈ ಮಹಾಶಯ.

ಅವನ ವಿಮಾನದ ಕಥೆ ಶುರುವಾದದ್ದು ಒಂಬತ್ತು ವರ್ಷದ ಹಿಂದೆ. ಒಂದು ಬಿರುಗಾಳಿ ಮೈದಾನದಲ್ಲಿ ನಿಂತಿದ್ದ ಎರಡು ಸೀಟಿನ ಪುಟ್ಟ ವಿಮಾನವನ್ನು ಮಗುಚಿ ಹಾಕಿತು. ಅದರ ಯಜಮಾನ "ಯಾರಾದ್ರೂ ಹೊತ್ಕೊಂಡು ಹೋಗಿ" ಎಂದ. ಲಿಫ್ಟಣ್ಣ ನಿಜವಾಗಿಯೂ ಹೊತ್ತುಕೊಂಡು ಹೋದ. ವಿಮಾನದ ಮೈ ಮನೆಯ ಪಕ್ಕದ ಶೆಡ್ಡಿಗೆ ಹೋಯಿತು. ರೆಕ್ಕೆಗಳಿಗೆ ಅಲ್ಲಿ ಜಾಗವಿರಲಿಲ್ಲ. ಹೀಗಾಗಿ ಒಂದೊಂದೂ ಹದಿನಾರು ಅಡಿಯ ಆ ಎರಡು ರೆಕ್ಕೆಗಳು ಮನೆಯ ಹಾಲಿಗೆ ಬಂದವು, ಬಂದು ಆರು ವರ್ಷ ಅಲ್ಲೇ ಝಾಂಡಾ ಊರಿದವು.

ಆರು ವರ್ಷ ಆ ಮನೆಯವರು ಹಾಲಿನಲ್ಲಿ ನೆಟ್ಟಗೆ ನಡೆಯಲಿಲ್ಲ. ಊಟಕ್ಕೆ ಕೂರಬೇಕಾದರೆ ಬಗ್ಗಿ, ಏಳಬೇಕಾದರೆ ಬಗ್ಗಿ. ಶಾಲಾ ಸಮವಸ್ತ್ರ ಹೊಲಿಯುವ ಹೆಂಡತಿ ಒಂದು ರೆಕ್ಕೆಯ ಮೇಲೆ ಕಂಬಳಿ ಹಾಸಿ ಇಸ್ತ್ರಿ ಮಾಡುತ್ತಿದ್ದಳು. ಇನ್ನೊಂದರ ಮೇಲೆ ಸೈಜಿನ ಪ್ರಕಾರ ಅಂಗಿಗಳ ಸಾಲು. ಅಳಿಯ ಮೊದಲ ಸಲ ಮನೆಗೆ ಬಂದಾಗ ಹಣೆಗೆ ರೆಕ್ಕೆಯ ತುದಿ ಬಡಿದು ನಿಂಬೆಹಣ್ಣಿನಷ್ಟು ಬುಗುಟೆ ಎದ್ದಿತು. "ವಿಮಾನ ಡಿಕ್ಕಿ ಹೊಡೆದು ಬದುಕಿದವನು ನಾನೊಬ್ಬನೇ" ಎಂದು ಅವನು ಇವತ್ತಿಗೂ ಕೊಚ್ಚಿಕೊಳ್ಳುತ್ತಾನೆ. ಮೂರು ವರ್ಷದ ಹಿಂದೆ ಮೈದಾನದ ಹ್ಯಾಂಗರಿನಲ್ಲಿ ಒಂದು ಜಾಗ ತೆರವಾಯಿತು. ರೆಕ್ಕೆಗಳು ಹೋದ ದಿನ ಹೆಂಡತಿ ಹಾಲಿನ ಉದ್ದಕ್ಕೂ ನೆಟ್ಟಗೆ, ಕೈಬೀಸಿಕೊಂಡು, ಆ ಗೋಡೆಯಿಂದ ಈ ಗೋಡೆಗೆ ಏಳು ಸಲ ನಡೆದಳು. ಆಮೇಲೆ ಗಂಡನ ಕಡೆ ಬೆರಳು ತೋರಿಸಿ ಹೇಳಿದಳು: "ನೋಡಿ, ಈ ರೆಕ್ಕೆ ಮತ್ತೆ ಈ ಬಾಗಿಲು ದಾಟಿ ಒಳಗೆ ಬಂದ್ರೆ, ನಾನು ಅದೇ ಬಾಗಿಲು ದಾಟಿ ಹೊರಗೆ ಹೋಗ್ತೀನಿ. ತಂಗಿ ಮನೆಗೆ."

ಆ ಹ್ಯಾಂಗರಿನಲ್ಲಿ ಐದೇ ವಿಮಾನಕ್ಕೆ ಜಾಗ. ಒಂದು ಹಲ್ಲಿನ ಡಾಕ್ಟರದು, ಒಂದು ಬೇಕರಿ ಅಕ್ಕನದು, ಒಂದು ಕ್ರೇನ್ ಓಡಿಸುವ ತಮ್ಮನದು, ಒಂದು ನಿವೃತ್ತ ಹೆಡ್‌ಮಿಸ್ಸಿನದು, ಐದನೆಯದು ಲಿಫ್ಟಣ್ಣನದು. ಯಾರೂ ಸಿರಿವಂತರಲ್ಲ. ಇವರ ವಿಮಾನಗಳೆಲ್ಲ ಇವರಷ್ಟೇ ವಯಸ್ಸಾದವು, ಹೆಡ್‌ಮಿಸ್ಸಿನದು ಇನ್ನೂ ಒಂದೆರಡು ವರ್ಷ ಹಿರಿಯದು. ಹ್ಯಾಂಗರಿನ ಹಿಂದಿನ ಗೋಡೆಗೆ ಒಂದು ಹಳೆಯ ಕಬ್ಬಿಣದ ಬೀರು. ಯಾರಾದರೂ ಹೊಸ ಉಪಕರಣ ಹಾಕಿಸಿಕೊಂಡರೆ ಹಳೆಯದು ಆ ಬೀರುವಿಗೆ ಹೋಗಬೇಕು, ಬೇಕಾದವರು ಬಂದು ತೆಗೆದುಕೊಳ್ಳಬೇಕು. ಉಪಕರಣಕ್ಕೊಂದು ಚೀಟಿ, ಚೀಟಿಯ ಮೇಲೆ ಕೊಟ್ಟವರ ಹೆಸರು ಮತ್ತು ಉಪಕರಣದ ಗುಣದೋಷ, ಅದೂ ಸತ್ಯವಾಗಿ. "ಚಳಿ ಇದ್ದರೆ ಬಾಯಿ ಬಿಡುವುದಕ್ಕೆ ಐದು ನಿಮಿಷ ಬೇಕು, ಬೈಯಬೇಡಿ" ಎಂದು ಒಂದರ ಮೇಲೆ. "ಎತ್ತರ ಸರಿಯಾಗಿ ಹೇಳುತ್ತೆ, ನಲವತ್ತು ಅಡಿ ಜಂಬ ಜಾಸ್ತಿ" ಎಂದು ಇನ್ನೊಂದರ ಮೇಲೆ. ಬೀರುವಿಗೆ ಒಂದೇ ಕಾನೂನು: ತೆಗೆದುಕೊಂಡವರು ಆ ಉಪಕರಣ ಹಾಕಿದ ಮೇಲೆ ಮೊದಲ ಸವಾರಿಯಲ್ಲಿ ಕೊಟ್ಟವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಲಿಫ್ಟಣ್ಣನ ವಿಮಾನದ ಮುಂಭಾಗವಿಡೀ ಆ ಬೀರುವಿನ ಕೃಪೆ. ಜಂಬದ ಎತ್ತರಮಾಪಕ ಡಾಕ್ಟರದು, ಜಂಬ ಇಳಿಸಿದ್ದು ಲಿಫ್ಟಣ್ಣನೇ. ವೇಗ ತೋರಿಸುವ ಗಡಿಯಾರ ಕ್ರೇನಿನವನದು. ದಿಕ್ಸೂಚಿ ಹೆಡ್‌ಮಿಸ್ಸಿನದು, ಅದರ ಕೆಳಗೆ ಅವರ ಕೈಬರಹದಲ್ಲಿ "ಗಮನವಿಟ್ಟು ನೋಡಿ" ಎಂಬ ಎಚ್ಚರಿಕೆ. ರೇಡಿಯೊ ಮಾತ್ರ ಬೀರುವಿನ ತಳದಲ್ಲಿ ಯಾರದೆಂದು ತಿಳಿಯದೆ ಬಿದ್ದಿದ್ದ ಹೆಣ. ಅದನ್ನು ನಾಲ್ಕು ತಿಂಗಳು ಕೂತು ಅವನು ಬದುಕಿಸಿದ. ದನಿ ಏರಿಸಿ ಇಳಿಸುವ ತಿರುಪು ಕಳೆದುಹೋಗಿತ್ತು. ಹೆಂಡತಿಯ ಹೊಲಿಗೆ ಡಬ್ಬಿಯಲ್ಲಿದ್ದ ದಪ್ಪನೆಯ ಕೆಂಪು ಕೋಟಿನ ಗುಂಡಿಯೊಂದನ್ನು ಅಲ್ಲಿ ಅಂಟಿಸಿದ. ಅವಳನ್ನೂ ಕೇಳಲಿಲ್ಲ ಬಿಡಿ, ಬಾಯಿಗೆ ಬೀಗವಲ್ಲವೆ?

ಹ್ಯಾಂಗರಿನ ಇನ್ನೊಂದು ನಿಯಮ ಅಷ್ಟು ಪ್ರೀತಿಯದಲ್ಲ. ಮೂರು ವರ್ಷ ಹಾರದೆ ನಿಂತ ವಿಮಾನ ಜಾಗ ಖಾಲಿ ಮಾಡಬೇಕು, ಹೊರಗೆ ಕಾಯುವವರ ಪಟ್ಟಿ ಉದ್ದವಿದೆ. ಲಿಫ್ಟಣ್ಣನ ಮೂರು ವರ್ಷ ಆ ಶನಿವಾರಕ್ಕೆ ಮುಗಿಯುತ್ತಿತ್ತು. ಅದೇ ಶನಿವಾರ ಇನ್‌ಸ್ಪೆಕ್ಟರ್ ಮೇಡಂ ಬರುವವರಿದ್ದರು. ಅವರು ಪಾಸು ಮಾಡಿದರೆ ಹಾರುವುದು, ಇಲ್ಲವಾದರೆ ರೆಕ್ಕೆ ಬಿಚ್ಚಿ ಮನೆಗೆ. ವಿಮಾನ ಸಜ್ಜಾಗಿತ್ತು, ಎಲ್ಲವೂ ಸರಿಯಿತ್ತು. ಸೋಮವಾರ ಸಂಜೆಯವರೆಗೆ.

ಸೋಮವಾರ ಸಂಜೆ ಬೇಕರಿ ಅಕ್ಕನ ರೇಡಿಯೊ ಕೈಕೊಟ್ಟಿತು. ಒಳಗೆ ಒಂದು ಬಿಡಿಭಾಗ ಸುಟ್ಟುಹೋಗಿತ್ತು, ಹೊಸದು ಬರುವುದು ಮುಂದಿನ ವಾರ. ಅವಳ ಮಗಳಿಗೆ ಅವಳಿ ಮಕ್ಕಳು ಹುಟ್ಟಿ ಐದು ವಾರ. ಪ್ರತಿ ಮಂಗಳವಾರ ಅಕ್ಕ ಒಂದು ಚೀಲ ಬನ್ನು ಹೊತ್ತು, ಬೆಟ್ಟದ ಸಾಲು ಹಾರಿ, ಮಗಳ ಊರಿಗೆ ಹೋಗಿ ಆ ಹುಡುಗಿಗೆ ಒಂದು ಹಗಲು ನಿದ್ದೆ ಮಾಡಿಸಿ ಬರುತ್ತಿದ್ದಳು. ರಸ್ತೆಯಲ್ಲಾದರೆ ಒಂಬತ್ತು ಗಂಟೆ. ಆ ಮೈದಾನದಲ್ಲಿ ಕಂಟ್ರೋಲ್ ಟವರ್ ಎಂಬುದಿಲ್ಲ. ನಾನು ಏರುತ್ತಿದ್ದೇನೆ, ನಾನು ಇಳಿಯುತ್ತಿದ್ದೇನೆ ಎಂದು ಹಾರುವವರೇ ಒಬ್ಬರಿಗೊಬ್ಬರು ರೇಡಿಯೊದಲ್ಲಿ ಹೇಳಿಕೊಳ್ಳುವುದು. ರೇಡಿಯೊ ಇಲ್ಲದೆ ಚಕ್ರ ಕದಲುವಂತಿಲ್ಲ.

"ಹೋಗ್ಲಿ ಬಿಡು ಲಿಫ್ಟಣ್ಣ, ಈ ವಾರ ಮಗಳಿಗೆ ಫೋನಲ್ಲೇ ಲಾಲಿ ಹಾಡ್ತೀನಿ" ಎಂದು ಅಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಲಿಫ್ಟಣ್ಣ ಐದು ನಿಮಿಷ ಕಾಣೆಯಾದ. ಬಂದಾಗ ಕೈಯಲ್ಲಿ ಕೆಂಪು ಗುಂಡಿಯ ರೇಡಿಯೊ. "ಬೀರುವಿನಲ್ಲಿ ಬಿದ್ದಿತ್ತಕ್ಕ. ನನ್ನ ಹತ್ರ ಇನ್ನೊಂದಿದೆ" ಎಂದ. ಡಾಕ್ಟರು ಹೊಸ ರೇಡಿಯೊ ಕೊಳ್ಳುತ್ತೇನೆಂದು ತಿಂಗಳಿಂದ ಹೇಳುತ್ತಿದ್ದರು. ಗುರುವಾರದೊಳಗೆ ಅವರ ಹಳೆಯದು ಬೀರುವಿಗೆ ಬಂದೇ ಬರುತ್ತದೆ ಎಂಬುದು ಇವನ ಲೆಕ್ಕಾಚಾರ. ಡಾಕ್ಟರು ಬುಧವಾರ ಬಂದು ಹಲ್ಲು ಕೀಳುವ ಕುರ್ಚಿಯೇ ಮುರಿದಿದೆಯೆಂದೂ ರೇಡಿಯೊ ಮುಂದಿನ ವರ್ಷಕ್ಕೆ ಎಂದೂ ಹೇಳಿದಾಗ ಇವನು "ಅಯ್ಯೋ, ನಿಧಾನಕ್ಕೆ ಆಗ್ಲಿ ಡಾಕ್ಟ್ರೇ" ಎಂದು ನಕ್ಕ. ಹಾಗೆ ನಗುವವನನ್ನು ಹಿಡಿದು ನಾಲ್ಕು ಬಾರಿಸಬೇಕು ಎಂದು ನನಗಂತೂ ಅನ್ನಿಸುತ್ತದೆ.

ಗುರುವಾರ ಮಧ್ಯಾಹ್ನ ಹೆಂಡತಿ ಹೊಲಿಗೆ ನಿಲ್ಲಿಸಿ ತಲೆಯೆತ್ತಿದರೆ, ಗಂಡ ಟೇಪು ಹಿಡಿದು ಹಾಲನ್ನು ಅಳೆಯುತ್ತಿದ್ದಾನೆ.

"ಏನ್ರೀ ಅದು?"

"ಏನಿಲ್ಲ. ಸುಮ್ನೆ."

"ಸುಮ್ನೆ ಹಾಲ್ ಅಳೀತಾರಾ? ಮೂರು ವರ್ಷದಲ್ಲಿ ಬೆಳೆದಿದ್ಯಾ ಅದು? ಮುಖ ಎತ್ತಿ. ಎತ್ತಿ ಅಂದೆ!"

ಎರಡೇ ನಿಮಿಷಕ್ಕೆ ಎಲ್ಲವೂ ಹೊರಬಂತು. ಅವಳು ಬೈಯುತ್ತಾಳೆ ಎಂದು ಅವನು ಭುಜ ಕುಗ್ಗಿಸಿ ನಿಂತ. ಅವಳು ಬೈಯಲಿಲ್ಲ. ಬೇಕರಿ ಅಕ್ಕನ ಮಗಳಿಗೆ ಆ ಮಂಗಳವಾರ ನಿದ್ದೆ ಸಿಕ್ಕಿತಾ ಎಂದಷ್ಟೇ ಕೇಳಿದಳು. ಸಿಕ್ಕಿತಂತೆ, ಆರು ಗಂಟೆ ನಿದ್ದೆ, ಗೊರಕೆ ಸಮೇತ. "ಸರಿ, ಕೆಲಸಕ್ಕೆ ಹೋಗಿ, ಯಾವುದೋ ಲಿಫ್ಟಿನಲ್ಲಿ ಯಾರೋ ಸಿಕ್ಕಾಕ್ಕೊಂಡಿರ್ತಾರೆ" ಎಂದು ಅವನನ್ನು ಹೊರಗೆ ಅಟ್ಟಿ ಬಾಗಿಲು ಹಾಕಿ ಫೋನು ಕೈಗೆತ್ತಿಕೊಂಡಳು.

ಮೊದಲು ಡಾಕ್ಟರಿಗೆ. "ಒಂದು ಹಳೇ ರೇಡಿಯೊ ಎಲ್ಲಾದ್ರೂ ಸಿಗುತ್ತಾ ನೋಡಿ. ಇವ್ರಿಗೆ ಗೊತ್ತಾದ್ರೆ ಪ್ರಾಣ ಬಿಡ್ತಾರೆ. ಯಾರಿಗೂ ಹೇಳ್ಬೇಡಿ." ಡಾಕ್ಟರು ಹೂಂ ಅಂದರು. ಒಬ್ಬರನ್ನೇ ನಂಬಿ ಕೂರುವುದು ಬೇಡವೆಂದು ಕ್ರೇನಿನವನಿಗೆ. "ಅತ್ತಿಗೆ, ನೀವು ತಲೆ ಕೆಡಿಸ್ಕೋಬೇಡಿ" ಎಂದ ಅವನು. ಗಂಡಸರಿಬ್ಬರನ್ನು ನಂಬಿದಂತಾಯಿತಲ್ಲ ಎಂದು ಹೆಡ್‌ಮಿಸ್ಸಿಗೆ. ಕೊನೆಗೆ ಬೇಕರಿ ಅಕ್ಕನಿಗೂ ಮಾಡಿದಳು. ಅವಳಿಗೆ ಮಾತ್ರ ಮಂಗಳವಾರದ ಸುದ್ದಿ ಎತ್ತಲಿಲ್ಲ. "ಇವ್ರ ರೇಡಿಯೊ ಕೆಟ್ಟಿದೆ" ಎಂದಷ್ಟೇ ಹೇಳಿ ನಾಲಿಗೆ ಕಚ್ಚಿಕೊಂಡಳು. ನಾಲ್ವರಿಗೂ ಹೇಳಿದ ಕೊನೆಯ ಮಾತು ಒಂದೇ: ಯಾರಿಗೂ ಹೇಳಬೇಡಿ. ಆ ನಾಲ್ವರೂ ಜನ್ಮದಲ್ಲಿ ಮೊದಲ ಬಾರಿಗೆ ಒಂದು ಗುಟ್ಟು ಕಾಪಾಡಿದರು, ಅದೂ ಕಾಪಾಡಬಾರದ ಹೊತ್ತಿನಲ್ಲಿ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಲಿಫ್ಟಣ್ಣ ಹ್ಯಾಂಗರಿಗೆ ಬಂದ. ಇನ್‌ಸ್ಪೆಕ್ಟರ್ ಮೇಡಂ ಮುಂದೆ ಸೋಲೊಪ್ಪಿಕೊಳ್ಳುವುದಕ್ಕೆ ಮಾತು ಜೋಡಿಸಿಕೊಂಡಿದ್ದ. ಹೆಂಡತಿಯೂ ಅಪರೂಪಕ್ಕೆ ಜೊತೆಗೆ ಬಂದಿದ್ದಳು. ಸ್ಪ್ಯಾನರಿಗಾಗಿ ಟೂಲ್ ಬಾಕ್ಸ್ ತೆರೆದರೆ ಒಳಗೆ ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ಸುತ್ತಿದ ಒಂದು ರೇಡಿಯೊ, ಜೊತೆಗೆ ಚೀಟಿ: "ಹೊಸದು ಬಂತು. ಇದು ನಿನಗೆ. ಇಂತಿ ಹಲ್ಲು."

ಅವನು ಬಿಟ್ಟ ಬಾಯಿ ಮುಚ್ಚುವುದರೊಳಗೆ ವಿಮಾನದ ಸೀಟಿನ ಮೇಲೆ ಕ್ರೇನಿನವನ ಕಿತ್ತಳೆ ಜಾಕೆಟ್ಟು ಉಬ್ಬಿಕೊಂಡು ಕೂತಿರುವುದು ಕಾಣಿಸಿತು. ಒಳಗೆ ರೇಡಿಯೊ. "ಅಣ್ಣ, ನಾನು ಹೊಸದು ಹಾಕಿಸ್ಕೊಂಡೆ." ಅಷ್ಟರಲ್ಲಿ ಹೆಡ್‌ಮಿಸ್ಸು ಬಂದರು, ಪಠ್ಯಪುಸ್ತಕಕ್ಕೆ ಹಾಕುವಂತೆ ಕಂದು ಕಾಗದದ ಬೈಂಡು ಹಾಕಿ ಲೇಬಲ್ ಅಂಟಿಸಿದ ಒಂದು ಪೊಟ್ಟಣ ಹಿಡಿದು. "ನನ್ನ ಹತ್ರ ಎರಡಿತ್ತು. ಎರಡಿಟ್ಕೊಂಡು ನಾನೇನು ನನ್ನ ಜೊತೆ ನಾನೇ ಮಾತಾಡ್ಲಾ?"

ಕೊನೆಗೆ ಬೇಕರಿ ಅಕ್ಕ, ರಿಬ್ಬನ್ ಕಟ್ಟಿದ ಕೇಕಿನ ಡಬ್ಬದೊಂದಿಗೆ. "ನನ್ನದು ರಿಪೇರಿಯಾಗಿ ಬಂತು. ಇದನ್ನ ನೀನು ಇಟ್ಕೋ."

ಅವಳ ರೇಡಿಯೊ ರಿಪೇರಿಗೆ ಇರುವುದು ತನ್ನದೇ ಮೇಜಿನ ಮೇಲೆ ಎಂಬುದು ಲಿಫ್ಟಣ್ಣನಿಗೆ ಆ ಸಂಭ್ರಮದಲ್ಲಿ ಹೊಳೆಯಲೇ ಇಲ್ಲ. ಹೆಂಡತಿ ಡಬ್ಬದ ಮುಚ್ಚಳ ತೆಗೆದವಳೇ ಕಿರುಚಿದಳು: "ಅಯ್ಯೋ! ನನ್ನ ಕೋಟಿನ ಗುಂಡಿ! ಒಂದು ವರ್ಷದಿಂದ ಇದನ್ನ ಹುಡುಕಿ ಹುಡುಕಿ ಸಾಕಾಗಿದ್ದೀನಿ! ಎದೆ ಹತ್ರ ಪಿನ್ನು ಚುಚ್ಕೊಂಡು ಓಡಾಡ್ತಿದ್ದೀನಿ!"

ಬೇಕರಿ ಅಕ್ಕ ಗುಂಡಿ ನೋಡಿದಳು. ಲಿಫ್ಟಣ್ಣನ ಹೆಂಡತಿಯ ಕೋಟು ನೋಡಿದಳು. ಅಲ್ಲಿ ಸಾಲಾಗಿ ನಾಲ್ಕು ಕೆಂಪು ಗುಂಡಿ, ಒಂದು ಪಿನ್ನು. ಆಮೇಲೆ ಲಿಫ್ಟಣ್ಣನ ಕಡೆ ತಿರುಗಿದಳು.

"ಬೀರುವಿನಲ್ಲಿ ಬಿದ್ದಿತ್ತು ಅಂದ್ಯಲ್ಲೋ?"

ಅವನು ತನ್ನ ಬೂಟನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ನಿನ್ನದೇ ಕಿತ್ತು ಕೊಟ್ಟು, ನಿನ್ನ ವಿಮಾನಾನೇ ಮನೆಗೆ ಕಳಿಸೋಕೆ ಹೊರಟಿದ್ಯಾ? ನಾನು ಬಸ್ಸಿಗೆ ಹೋಗ್ತಿದ್ದೆ ಕಣೋ, ಕತ್ತೆ!" ಎಂದು ಅವನ ಬೆನ್ನಿಗೊಂದು ಗುದ್ದಿದಳು. ಗುದ್ದಿದವಳ ಕಣ್ಣಲ್ಲೇ ನೀರು.

ಕೆಂಪು ಗುಂಡಿಯ ರೇಡಿಯೊ ಲಿಫ್ಟಣ್ಣನ ವಿಮಾನದಲ್ಲಿ ಅದರ ಗೂಡಿಗೇ ವಾಪಸು ಹೋಯಿತು. ಮುಂದಿನ ಸಣ್ಣ ತೂತಿಗೆ ಅಲೆನ್ ಕೀ ಹಾಕಿ ತಿರುಗಿಸಿದರೆ ಈ ರೇಡಿಯೊಗಳು ಮೇಜಿನ ಡ್ರಾಯರಿನ ಹಾಗೆ ಒಳಗೆ ಹೋಗುತ್ತವೆ, ಹೊರಗೆ ಬರುತ್ತವೆ. ಐದೂ ವಿಮಾನಗಳಿಗೆ ಒಂದೇ ತರಹದ ಗೂಡು ಕೂರಿಸಿದವನೂ, ಬಿಚ್ಚುವುದು ಹೇಗೆಂದು ಎಲ್ಲರಿಗೂ ಕಲಿಸಿದವನೂ ಲಿಫ್ಟಣ್ಣನೇ. ಕಲಿಸಬಾರದಿತ್ತು.

ಇನ್‌ಸ್ಪೆಕ್ಟರ್ ಮೇಡಂ ಹತ್ತಕ್ಕೆ ಬಂದರು. ಗಟ್ಟಿ ಹೆಂಗಸು, ಪೆನ್ನನ್ನು ಲಾಠಿಯಂತೆ ಹಿಡಿಯುವವರು. ರೆಕ್ಕೆ ಅಲ್ಲಾಡಿಸಿದರು, ಬ್ರೇಕು ತುಳಿದರು, ಎಂಜಿನ್ನಿನ ಸದ್ದು ಕೇಳಿದರು. ಹೆಂಡತಿ ಹೊಲಿದ ಸೀಟಿನ ಕವರು ನೋಡಿ ಮಾತ್ರ ತುಸು ಮೆತ್ತಗಾದರು. "ಕೊನೇದು ರೇಡಿಯೊ. ಇನ್ನೊಂದು ವಿಮಾನದ ಜೊತೆ ಮಾತಾಡಿ ತೋರಿಸಿ. ಉತ್ತರ ಬರ್ಬೇಕು."

ಲಿಫ್ಟಣ್ಣ ಹೆಡ್‌ಫೋನ್ ಹಾಕಿಕೊಂಡು ಕೂತ. ಮಾತಾಡುವ ಗುಂಡಿ ಒತ್ತಿದ. ಕೇಳಬೇಕಾದ ಪ್ರಶ್ನೆ ಇಷ್ಟೇ: ಯಾರಾದರೂ ಕೇಳಿಸಿಕೊಳ್ಳುತ್ತಿದ್ದೀರಾ? ಅದನ್ನು ಕೇಳುವುದಕ್ಕೂ ಅವನಿಗೆ ಸಂಕೋಚ. ಗೊಣಗಿದ.

"ಜೋರಾಗಿ ಕೇಳ್ರಿ! ಸಾಲ ಕೇಳ್ತಿಲ್ಲ ನೀವು!" ಎಂದರು ಮೇಡಂ.

ಕೇಳಿದ. ಉತ್ತರವಿಲ್ಲ. ಮತ್ತೆ ಕೇಳಿದ. ಬರೀ ಜುಸ್ ಎಂಬ ಸದ್ದು. ಹೊರಗೆ ಡಾಕ್ಟರು, ಕ್ರೇನಿನವನು, ಹೆಡ್‌ಮಿಸ್ಸು ಮೂವರೂ ಆಕಾಶ ನೋಡುತ್ತ ನಿಂತಿದ್ದರು.

"ತಮ್ಮಾ, ನೀನು ಹೋಗಿ ಉತ್ತರ ಕೊಡಪ್ಪ" ಎಂದರು ಡಾಕ್ಟರು.

"ನನ್ನ ಬ್ಯಾಟರಿ ಇಳಿದಿದೆ ಡಾಕ್ಟ್ರೇ. ಮಿಸ್ ಹೋಗ್ಲಿ."

"ನನಗೆ ಗಂಟಲು ಸರಿಯಿಲ್ಲ. ಡಾಕ್ಟ್ರೇ ಹೋಗ್ಲಿ."

"ನಾನು... ನನ್ನ ವಿಮಾನದ ಬೀಗದ ಕೈ ಮನೇಲಿದೆ."

ವಿಮಾನದ ಬಾಗಿಲು ಅವರ ಬೆನ್ನ ಹಿಂದೆಯೇ ಹಾರು ಹೊಡೆದಿತ್ತು. ಇನ್‌ಸ್ಪೆಕ್ಟರ್ ವಾಚು ನೋಡಿಕೊಂಡರು, ಮಧ್ಯಾಹ್ನಕ್ಕೆ ಇನ್ನೊಂದು ಮೈದಾನವಿತ್ತು. "ನಿಮ್ಮ ಹತ್ರ ಕೈಯಲ್ಲಿ ಹಿಡ್ಕೊಳ್ಳೋ ರೇಡಿಯೊ ಇರ್ಬೇಕಲ್ಲ ಮೇಡಂ?" ಎಂದು ಬೇಕರಿ ಅಕ್ಕ ಕೇಳಿದಳು.

"ಇತ್ತು. ರಿಪೇರಿಗೆ ಅಂತ ಹೋದ ತಿಂಗಳು ಇವ್ರಿಗೇ ಕೊಟ್ಟೆ."

ಅದು ಲಿಫ್ಟಣ್ಣನ ಮೇಜಿನ ಮೇಲೆ ಹನ್ನೊಂದು ಚೂರಾಗಿ ಬಿದ್ದಿತ್ತು. ಅವನು ಹೆಡ್‌ಫೋನ್ ಕಿತ್ತು ಕೆಳಗೆ ಹಾರಿದ. ನೆಟ್ಟಗೆ ಡಾಕ್ಟರ ವಿಮಾನದ ಬಳಿ ಹೋಗಿ ಒಳಗೆ ಇಣುಕಿದ. ಮುಂಭಾಗದಲ್ಲಿ ರೇಡಿಯೊ ಇರಬೇಕಾದ ಕಡೆ ಚೌಕನೆಯ ತೂತು. ಕ್ರೇನಿನವನದರಲ್ಲಿ ತೂತು. ಹೆಡ್‌ಮಿಸ್ಸಿನದರಲ್ಲೂ ತೂತು, ಅದಕ್ಕೊಂದು ಅಚ್ಚುಕಟ್ಟಾದ ಕಾಗದದ ಮುಚ್ಚಳ.

"ಹೊಸದು ಬಂತು ಅಂದ್ರಲ್ಲ?" ಎಂದ ಲಿಫ್ಟಣ್ಣ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೀವೂನಾ?" "ನೀನೂನಾ?" "ಮಿಸ್, ನೀವೂ ಸುಳ್ಳು ಹೇಳಿದ್ರಾ?"

"ಸುಳ್ಳು ಹೇಳ್ಬಾರ್ದು ಅಂತ ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದೀನಿ" ಎಂದು ಹೆಡ್‌ಮಿಸ್ಸು ಕನ್ನಡಕ ಒರೆಸಿಕೊಂಡರು. "ಹೇಳೋಕೆ ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿರ್ಲಿಲ್ಲ."

ಮೊದಲು ನಕ್ಕವಳು ಹೆಂಡತಿ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಕ್ರೇನಿನವನು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. ಡಾಕ್ಟರು ತಮ್ಮ ಮೂವತ್ತೆರಡೂ ಹಲ್ಲು ಊರಿಗೆ ತೋರಿಸಿದರು. ಲಿಫ್ಟಣ್ಣ ನಗುತ್ತ ನಗುತ್ತ ಅತ್ತುಬಿಟ್ಟ. ಅವನಿಗೆ ಆ ನಾಲ್ವರ ಮೇಲೆ ಉಕ್ಕಿದ ಪ್ರೀತಿಗೆ ಎದೆಯಲ್ಲಿ ಜಾಗ ಸಾಲಲಿಲ್ಲ. ಇನ್‌ಸ್ಪೆಕ್ಟರ್ ಮಾತ್ರ ಪೆನ್ನು ಹಿಡಿದೇ ನಿಂತಿದ್ದರು: "ಇಪ್ಪತ್ತು ನಿಮಿಷ ಕೊಡ್ತೀನಿ. ನಗೋದಕ್ಕಲ್ಲ."

ಅಲೆನ್ ಕೀ ಹಿಡಿದು ಲಿಫ್ಟಣ್ಣ ಆ ವಿಮಾನದಿಂದ ಈ ವಿಮಾನಕ್ಕೆ ಓಡಿದ. ಹಿಂದೆ ಹೆಂಡತಿ, ಒಂದು ಕಂಕುಳಲ್ಲಿ ಹಸಿರು ಬಟ್ಟೆ, ಇನ್ನೊಂದರಲ್ಲಿ ಕಂದು ಕಾಗದ, ಹೆಗಲ ಮೇಲೆ ಕಿತ್ತಳೆ ಜಾಕೆಟ್ಟು. ಪೆನ್ಸಿಲಿನ ರಬ್ಬರಿನಿಂದ ನಾಲ್ಕು ಉಜ್ಜು, ಒಳಗೆ ತಳ್ಳು, ಕೀ ತಿರುಗಿಸು, ಮುಂದಕ್ಕೆ. ಹದಿನೇಳನೆಯ ನಿಮಿಷಕ್ಕೆ ಅವನು ಏದುಸಿರು ಬಿಡುತ್ತ ತನ್ನ ಸೀಟಿಗೆ ಬಂದು ಬಿದ್ದ. ಕೆಂಪು ಗುಂಡಿಯನ್ನು ಪೂರ್ತಿ ತಿರುಗಿಸಿದ. ಈ ಸಲ ಸಂಕೋಚ ನೆನಪಾಗುವುದಕ್ಕೂ ಪುರಸೊತ್ತಿರಲಿಲ್ಲ.

"ಯಾರಾದ್ರೂ ಕೇಳಿಸ್ಕೊಳ್ತಿದ್ದೀರಾ?"

ಮೂವರೂ ಒಟ್ಟಿಗೆ ಉತ್ತರಿಸಿದರು. ರೇಡಿಯೊದಲ್ಲಿ ಮೂವರು ಒಟ್ಟಿಗೆ ಮಾತಾಡಿದರೆ ಮಾತು ಬರುವುದಿಲ್ಲ, ಕೀಂ ಎಂದು ಕಿವಿ ಹರಿಯುವ ಒಂದು ಕೂಗು ಬರುತ್ತದೆ. "ಇದನ್ನ ಉತ್ತರ ಅಂತ ಬರ್ಕೊಳ್ಳೋದಾ?" ಎಂದರು ಇನ್‌ಸ್ಪೆಕ್ಟರ್, ಕಿವಿ ಮುಚ್ಚಿಕೊಂಡು. ಆಗ ಹೆಡ್‌ಮಿಸ್ಸಿನ ದನಿ ಒಂದೇ ಖಡಕ್ಕಾಗಿ ಕೇಳಿಸಿತು: "ಎಲ್ಲರೂ ಬಾಯ್ಮುಚ್ಚಿ. ಹಾಜರಿ ಕರೀತೀನಿ. ಡಾಕ್ಟ್ರು?"

"ಹಾಜರ್ ಮಿಸ್!"

"ಕ್ರೇನು?"

"ಹಾಜರ್!"

"ಲಿಫ್ಟು?"

"ಹಾಜರ್ ಮಿಸ್" ಎಂದ ಲಿಫ್ಟಣ್ಣ. ಇನ್‌ಸ್ಪೆಕ್ಟರ್ ಬರೆದುಕೊಂಡರು. ಬರೆಯುವಾಗ ಅವರ ಭುಜ ಕುಲುಕುತ್ತಿತ್ತು ಎಂದು ಬೇಕರಿ ಅಕ್ಕ ಆಮೇಲೆ ಆಣೆ ಮಾಡಿ ಹೇಳಿದಳು.

ಒಂಬತ್ತು ವರ್ಷದ ಮೇಲೆ ಆ ವಿಮಾನದ ಚಕ್ರ ನೆಲ ಬಿಟ್ಟಿತು. ನಿಯಮದಂತೆ ಮೊದಲು ಅವನೊಬ್ಬನೇ ಮೈದಾನದ ಮೇಲೆ ಮೂರು ಸುತ್ತು ಹಾಕಿ ಇಳಿದ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು, ಮುಖವೆಲ್ಲ ನಗು. ಅಷ್ಟು ಹೊತ್ತಿಗೆ ಕೆಳಗೆ ಜಗಳ ಶುರುವಾಗಿತ್ತು. ಬೀರುವಿನ ಕಾನೂನಿನಂತೆ ಮೊದಲ ಸವಾರಿ ಕೊಟ್ಟವರಿಗೆ. ಎಲ್ಲರೂ ಕೊಟ್ಟವರೇ, ಇರುವುದು ಒಂದು ಸೀಟು.

"ಎತ್ತರಮಾಪಕ ನಂದು" ಎಂದರು ಡಾಕ್ಟರು. "ಎಷ್ಟು ಜೋರಾಗಿ ಹೋಗ್ತೀವಿ ಅಂತ ಹೇಳೋದು ನಂದು" ಎಂದ ಕ್ರೇನಿನವನು. "ದಿಕ್ಕಿಲ್ಲದೆ ಎಲ್ಲಿಗೆ ಹೋಗ್ತೀರಿ?" ಎಂದರು ಹೆಡ್‌ಮಿಸ್ಸು.

ಬೇಕರಿ ಅಕ್ಕ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಳು. "ಆ ಗುಂಡಿ ಯಾರದ್ದು?"

ಎಲ್ಲರೂ ತಿರುಗಿ ನೋಡಿದರು. ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು.

"ಗುಂಡಿ ಬಿಡಿ, ಆರು ವರ್ಷ ಹಾಲ್ ಕೊಟ್ಟಿದ್ದು ಯಾರು?" ಎಂದರು ಹೆಡ್‌ಮಿಸ್ಸು. ಡಾಕ್ಟರು ಹೋಗಿ ವಿಮಾನದ ಬಾಗಿಲು ತೆಗೆದು ಹಿಡಿದು ನಿಂತರು.

"ನಾನು ಲಿಫ್ಟಿಗೇ ಹೆದರ್ತೀನಿ! ಮೂರನೇ ಮಹಡಿಗೂ ಮೆಟ್ಟಿಲು ಹತ್ತಿ ಹೋಗೋಳು ನಾನು!" ಎಂದು ಅವಳು ಗೋಗರೆದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಲಿಫ್ಟಣ್ಣ ಒಳಗಿಂದ ಬಗ್ಗಿ ಅವಳನ್ನು ನೋಡಿದ. ಮೂವತ್ತು ವರ್ಷದ ಸಂಸಾರದಲ್ಲಿ ಬಾಯಿಬಿಟ್ಟು ಏನನ್ನೂ ಕೇಳದವನು ಅವತ್ತು ಕೇಳಿದ.

"ಬರ್ತೀಯೇನೇ? ಒಂದು ಸುತ್ತು. ನೀನು ಪಕ್ಕದಲ್ಲಿ ಇರ್ಬೇಕು ಅಂತ ಆಸೆ."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಕೋಟಿನ ಪಿನ್ನು ಸರಿಮಾಡಿಕೊಂಡು ಹತ್ತಿ ಕೂತಳು.

ವಿಮಾನ ಏರುವಾಗ ಅವಳು ಕಣ್ಣು ಮುಚ್ಚಿಕೊಂಡು ಅವನ ತೋಳನ್ನು ಹಿಂಡಿದಳು. ಊರಿನ ಮೇಲೆ ಬಂದಾಗ ಅವನು ಮೆಲ್ಲಗೆ ರೆಕ್ಕೆ ವಾಲಿಸಿ "ನೋಡು, ನಮ್ಮ ಮನೆ" ಎಂದ. ಅವಳು ಒಂದೇ ಕಣ್ಣು ತೆರೆದಳು. ಆಮೇಲೆ ಎರಡನ್ನೂ ತೆರೆದಳು. ಕೆಳಗೆ ಬೆಂಕಿಪೆಟ್ಟಿಗೆಯಷ್ಟು ಮನೆ, ಪಕ್ಕದಲ್ಲಿ ಶೆಡ್ಡು, ತಂತಿಯ ಮೇಲೆ ಅವಳೇ ಒಣಹಾಕಿದ ನೀಲಿ ಬಟ್ಟೆಯ ಸಾಲು. ಅದನ್ನು ನೋಡಿದಳು, ತನ್ನ ಪಕ್ಕದಲ್ಲಿ ಉದ್ದಕ್ಕೂ ಚಾಚಿ ಬಿಸಿಲಿಗೆ ಹೊಳೆಯುತ್ತಿದ್ದ ರೆಕ್ಕೆಯನ್ನೂ ನೋಡಿದಳು.

"ರೀ, ಅಷ್ಟು ಸಣ್ಣ ಮನೇಲಿ ಇಷ್ಟು ದೊಡ್ಡ ರೆಕ್ಕೆ ಹೆಂಗ್ರೀ ಹಿಡಿಸ್ತು?" ಎಂದಳು.

ಮಾತಾಡುವ ಗುಂಡಿಯ ಮೇಲೆ ಅವನ ಬೆರಳು ಒತ್ತಿಯೇ ಇತ್ತು. ಕೆಳಗಿನ ಮೂರು ವಿಮಾನಗಳಲ್ಲೂ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಹೆಡ್‌ಮಿಸ್ಸು ತಮ್ಮ ವಿಮಾನದ ಮೈಕು ಎತ್ತಿಕೊಂಡು "ಕೇಳಿಸ್ತಮ್ಮಾ, ಎಲ್ಲರಿಗೂ ಕೇಳಿಸ್ತು" ಎಂದರು.